ಹೊಸ ಮರಕ್ಕೆ ಕುಡಿಸಿದ ಎಣ್ಣೆ

ಘರ್ಷಣೆ ಎಂಬ ಪಾಠವನ್ನು ನಾನು ಹುಡುಗಿಯರ ಮಿಡ್ಲ್ ಸ್ಕೂಲುಗಳಲ್ಲಿ ಮೂವತ್ತು ವರ್ಷ ಮಾಡಿದ್ದೇನೆ. ಒಂದು ವಸ್ತು ಇನ್ನೊಂದರ ಮೇಲೆ ಜಾರಲು ಹೊರಟಾಗ ಅದನ್ನು ತಡೆಯುವ ಬಲವೇ ಘರ್ಷಣೆ ಎಂದು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಉದ್ದಕ್ಕೆ ಒಂದು ಗೆರೆ ಎಳೆಯುತ್ತಿದ್ದೆ. ಗೆರೆಯ ಎಡಕ್ಕೆ ಘರ್ಷಣೆಯಿಂದಾಗುವ ತೊಂದರೆ, ಬಲಕ್ಕೆ ಉಪಯೋಗ. ತೊಂದರೆ ಎಂದರೆ ಹುಡುಗಿಯರ ಬಾಯಿ ನಿಲ್ಲುತ್ತಿರಲಿಲ್ಲ. ಚಪ್ಪಲಿ ಸವೆಯುತ್ತದೆ, ಬಾವಿಯ ರಾಟೆ ಕಿರುಗುಟ್ಟುತ್ತದೆ, ಹೊಲಿಗೆ ಮಿಷನ್ನು ಬಿಸಿಯಾಗುತ್ತದೆ. ಉಪಯೋಗ ಎಂದಾಗ ಮಾತ್ರ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದು, ಆಮೇಲೆ ಯಾವಳೋ ಒಬ್ಬಳು ಎದ್ದುನಿಂತು 'ಗಾಡಿಯ ಬ್ರೇಕು' ಅನ್ನುತ್ತಿದ್ದಳು. ಆಗ ನಾನು ಸೀಮೆಸುಣ್ಣ ಇಟ್ಟು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮೇಡಂಗೆ ಈ ಪಾಠ ಕಂಡರೆ ಆಗದು ಎಂದು ಹುಡುಗಿಯರು ಮಾತಾಡಿಕೊಳ್ಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿದೆ. ಹೇಳಿಬಿಡುತ್ತೇನೆ. ಹತ್ತು ವರ್ಷದವಳಿದ್ದಾಗ ನಾನು ಹಚ್ಚಬಾರದ ಜಾಗಕ್ಕೆ ಎಣ್ಣೆ ಹಚ್ಚಿದೆ. ಅದರಿಂದ ನನ್ನ ಚಿಕ್ಕಪ್ಪನ ಕಾಲು ಹೋಯಿತು. ಆ ತಪ್ಪನ್ನು ನನ್ನ ಚಿಕ್ಕವ್ವನ ತಲೆಗೆ ಕಟ್ಟಿ ಮನೆಯಿಂದ ಕಳಿಸಿದರು. ಇದನ್ನು ನಾನು ಈವರೆಗೆ ಒಬ್ಬರ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಆಡಿಲ್ಲ, ಆ ಒಬ್ಬರಿಗೆ ಹೇಳಿದ್ದರಿಂದಲೂ ಏನೂ ಒಳ್ಳೆಯದಾಗಲಿಲ್ಲ.

ನಮ್ಮದು ಹುಣಸೂರಿನ ಆಚಾರಿಗಳ ಮನೆ. ಲಕ್ಷ್ಮಣತೀರ್ಥದ ಹೊಳೆಗೆ ಇಳಿಯುವ ರಸ್ತೆಯ ಪಕ್ಕದಲ್ಲಿ, ಇಳಿಜಾರು ಮುಗಿಯುವುದಕ್ಕೆ ಸ್ವಲ್ಪ ಮೊದಲು. ಅಪ್ಪ ಗಾಡಿ ಮಾಡುತ್ತಿದ್ದರು. ಮನೆಯ ಮುಂದಿನ ಅರ್ಧವೆಲ್ಲ ಅವರ ಕೆಲಸದ ಚಾವಡಿ, ಹಿಂದಿನ ಅರ್ಧ ನಾವಿರುವುದು. ಚಾವಡಿಯ ಮರದ ಹೊಟ್ಟು ನಡುಮನೆಗೆ ಬಂದು, ನಡುಮನೆಯಿಂದ ಅಡುಗೆಮನೆಗೆ ಹೋಗಿ, ಕಡೆಗೆ ನಮ್ಮ ಮುದ್ದೆಯ ಮೇಲೂ ಕೂರುತ್ತಿತ್ತು. ಹೊನ್ನೆ ಮರ ಕೊಯ್ದ ದಿನ ಹುರುಳಿಕಾಳಿನ ಸಾರಿಗೂ ಹೊನ್ನೆಯ ವಾಸನೆ. ಇದಕ್ಕಾಗಿ ಅವ್ವನಿಗೂ ಅಪ್ಪನಿಗೂ ವಾರಕ್ಕೊಂದು ಜಗಳ ಕಟ್ಟಿಟ್ಟದ್ದು. ಎದುರುಗಡೆ ಖಾದರ್ ಸಾಹೇಬರ ಕುಲುಮೆ. ಅಪ್ಪ ಗಾಲಿ ಮಾಡಿದರೆ ಅದಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವವರು ಅವರು. ಪಟ್ಟಿ ಹಾಕುವ ದಿನ ಅವ್ವ ಎರಡು ಬಿಂದಿಗೆ ಮಜ್ಜಿಗೆ ಮಾಡಿ ಇಡುತ್ತಿದ್ದಳು, ಒಂದು ನಮ್ಮವರಿಗೆ, ಒಂದು ಸಾಹೇಬರ ಕಡೆಯವರಿಗೆ. ಚಿಕ್ಕಪ್ಪ ಶಿವಣ್ಣ ಉಳಿ ಹಿಡಿಯುವ ಜಾತಿಯಲ್ಲಿ ಹುಟ್ಟಿದರೂ ಒಂದು ಕಡೆ ಕೂತು ಕೆಲಸ ಮಾಡುವ ಆಳಲ್ಲ. ಎತ್ತು ಕಟ್ಟಿಕೊಂಡು ಪಿರಿಯಾಪಟ್ಟಣ ದಾಟಿ ಕೊಡಗಿನ ಅಂಚಿನವರೆಗೆ ಹೋಗಿ ಅಪ್ಪನಿಗೆ ಬೇಕಾದ ಮರ ಹೇರಿಕೊಂಡು ಬರುವುದು ಅವನ ಕೆಲಸ. ಹೋದರೆ ನಾಲ್ಕು ದಿನ. ಅವನು ಬಂದದ್ದು ನಮಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಇಳಿಜಾರಿನ ತಲೆಯಲ್ಲಿ ಅವನು ಹಗ್ಗ ಜಗ್ಗಿದರೆ, ಗಾಡಿಯ ಹಿಂದೆ ಅಡ್ಡಕ್ಕೆ ತೂಗುಬಿಟ್ಟಿದ್ದ ಬ್ರೇಕಿನ ಮರ ಎರಡೂ ಗಾಲಿಯ ಪಟ್ಟಿಗೆ ಬಂದು ಒತ್ತಿ, ಕೀ ಎಂದು ಇಡೀ ರಸ್ತೆಗೇ ಕೇಳುವ ಹಾಗೆ ಕಿರಿಚುತ್ತಿತ್ತು. ಆ ಸದ್ದು ಕೇಳಿದೊಡನೆ ಅವ್ವ ಮುದ್ದೆಗೆ ಎಸರಿಡುತ್ತಿದ್ದಳು. ಗಾಡಿ ಬಾಗಿಲಿಗೆ ಬಂದು, ಎತ್ತು ಬಿಚ್ಚಿ, ಚಿಕ್ಕಪ್ಪ ಕೈಕಾಲು ತೊಳೆಯುವಷ್ಟರಲ್ಲಿ ಮುದ್ದೆ ಆಗಿರುತ್ತಿತ್ತು.

ಮನೆಯ ಯಜಮಾನಿಕೆ ಅಜ್ಜಿಯದು. ಅಜ್ಜಿಯ ರಾಜ್ಯವೆಂದರೆ ಹಿತ್ತಿಲ ಜಗಲಿ, ಅಲ್ಲೇ ಬೀಸುವ ಕಲ್ಲು, ಅಲ್ಲೇ ಎಣ್ಣೆಯ ಮಡಕೆಗಳು. ಹರಳು ಹುರಿದು ಕುಟ್ಟಿ ಕುದಿಸಿ ಎಣ್ಣೆ ತೆಗೆಯುವುದು ಅವಳೇ, ಅದರಲ್ಲಿ ಅರ್ಧಕ್ಕೆ ಹುಲ್ಲು ಸುಟ್ಟ ಕರಿ ಕಲಸಿ ಗಾಲಿಯ ನಡುವಿನ ಗುಂಬದೊಳಗೆ ಅಚ್ಚಿಗೆ ತುಂಬುವ ಕೀಲೆಣ್ಣೆ ಮಾಡುವುದೂ ಅವಳೇ. ಒಣಗಿದ್ದನ್ನು ಕಂಡರೆ ಅಜ್ಜಿಗೆ ಆಗುತ್ತಿರಲಿಲ್ಲ. ನಮ್ಮ ತಲೆ, ಬಾಗಿಲ ತಿರುಗಣಿ, ಅಪ್ಪನ ಗರಗಸ, ಎತ್ತಿನ ಕೊಂಬು, ಎಲ್ಲಕ್ಕೂ ಎಣ್ಣೆ. ಹೊಸ ಮರದ ಸಾಮಾನಿಗಂತೂ ಬಳಸುವುದಕ್ಕೆ ಮೊದಲು ಒಂದು ವಾರ ಎಣ್ಣೆ ಕುಡಿಸಲೇಬೇಕು, ಇಲ್ಲದಿದ್ದರೆ ಸೀಳುಬಿಡುತ್ತದೆ. ಒನಕೆ, ಸೌಟು, ಮಣೆ, ಏನೇ ಹೊಸದಾಗಿ ಬಂದರೂ ಎಣ್ಣೆ ಕುಡಿಸುವ ಕೆಲಸ ನನಗೆ. ಮೊದಲ ದಿನ ಎಷ್ಟು ಹಚ್ಚಿದರೂ ಮರ ಹೀರಿಕೊಳ್ಳುತ್ತದೆ. ಎರಡನೆಯ ದಿನ ಸ್ವಲ್ಪ ಕಡಿಮೆ. ಆರನೆಯ ದಿನಕ್ಕೆ ಎಣ್ಣೆ ಮೇಲೇ ನಿಂತು ಮಿನುಗುತ್ತದೆ, ಆಗ ಸಾಕು. ಇಂಥ ಕೆಲಸದಲ್ಲಿ ನಾನು ಬಹಳ ಅಚ್ಚುಕಟ್ಟು, ಅಜ್ಜಿಯೇ ಹಾಗೆ ಹೇಳುತ್ತಿದ್ದಳು. ನಮ್ಮ ಅಜ್ಜಿ ಯಾರನ್ನೂ ಸುಮ್ಮಸುಮ್ಮನೆ ಹೊಗಳಿದವಳಲ್ಲ, ಆದ್ದರಿಂದ ನನಗೆ ಅದರ ಜಂಬ ಇತ್ತು.

ಚಿಕ್ಕವ್ವ ಚಿಕ್ಕಪ್ಪನ ಹೆಂಡತಿಯಾಗಿ ನಮ್ಮ ಮನೆಗೆ ಬಂದದ್ದು ನನಗೆ ಹತ್ತಾದ ವರ್ಷದ ಬೇಸಿಗೆಯಲ್ಲಿ. ಪಿರಿಯಾಪಟ್ಟಣದವಳು, ಹೆಸರು ನಾಗಮ್ಮ, ಹದಿನಾರು ತುಂಬಿತ್ತೋ ಇಲ್ಲವೋ. ಹೊಸಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಲ್ಲಿ ಮೆಲ್ಲಗೆ ತಾಕಿಸಿ ಒಳಗೆ ಬಾ ಎಂದರೆ, ಹೆದರಿಕೆಗೋ ಏನೋ ಜೋರಾಗಿ ಒದ್ದಳು. ಸೇರು ಉರುಳಿ ಉರುಳಿ ನಡುಮನೆ ದಾಟಿ ದೇವರ ಗೂಡಿನ ಗೋಡೆಗೆ ಬಡಿದು ನಿಂತಿತು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಅಜ್ಜಿ ನಗಲಿಲ್ಲ. ನಮ್ಮ ನಡುಮನೆಯ ನೆಲ ಆ ಗೂಡಿನ ಕಡೆಗೇ ವಾಲಿತ್ತು, ಅಲ್ಲಿ ಹುಣಸೇಬೀಜ ಬಿದ್ದರೂ ಅತ್ತಲೇ ಹೋಗುತ್ತಿತ್ತು. ಅದನ್ನು ಅಂದು ಯಾರಾದರೂ ಒಂದು ಮಾತು ಅಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಚಿಕ್ಕವ್ವನ ಗಂಟಿನಲ್ಲಿ ಎರಡು ಸೀರೆಯ ಮಧ್ಯೆ ಒಂದು ಬುಗುರಿ ಇತ್ತು. ತಮ್ಮಂದಿರ ಜೊತೆ ಆಡಿ ಕಲಿತದ್ದಂತೆ. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾಟಿ ಸುತ್ತಿ ಬಿಡುತ್ತಿದ್ದಳು. ಸಗಣಿ ಸಾರಿಸಿದ ಅಂಗಳದಲ್ಲಿ ಬುಗುರಿ ಬೇಗ ವಾಲುತ್ತಿತ್ತು. ಜಗಲಿಯ ನುಣುಪು ಕಲ್ಲಿನ ಮೇಲೆ ನಾನು ನೂರು ಎಣಿಸಿದರೂ ನಿಂತಿರುತ್ತಿತ್ತು. ಅದು ಯಾಕೆ ಎಂದು ಕೇಳಿದೆ.

"ನೆಲ ಅದನ್ನ ಇಡ್ಕೊಳ್ತದೆ ಕಣೆ ಕಮಲಿ. ಒರಟು ನೆಲ ಬಿಗಿಯಾಗಿ ಇಡ್ಕೊಳ್ತದೆ, ನುಣ್ಣನ್ ಕಲ್ಲು ಸಡ್ಲ ಬುಡ್ತದೆ."

"ಯಾರೂ ಇಡ್ಕೊಳ್ದೆ ಇದ್ರೆ?"

"ಇಡ್ಕೊಳ್ದೆ ಇದ್ರೆ ಅದ್ಯಾಕೆ ನಿಂತ್ಕೊಂಡಾತು? ತಿರುಗ್ತಾನೇ ಇರ್ತದೆ, ನಾವು ಮುದುಕೀರಾದ್ರೂ."

ಚಲಿಸುವ ವಸ್ತು ತಾನಾಗಿ ನಿಲ್ಲುವುದಿಲ್ಲ, ಯಾವುದೋ ಬಲ ಅದನ್ನು ನಿಲ್ಲಿಸಬೇಕು. ಇದನ್ನು ನನಗೆ ಹೇಳಿಕೊಟ್ಟವಳು ಅಕ್ಷರ ಬಾರದ ಚಿಕ್ಕವ್ವ. ಮೈಸೂರಿನ ಟ್ರೇನಿಂಗಿನಲ್ಲಿ ಮೇಷ್ಟರು ಅದನ್ನೇ ದೊಡ್ಡ ಸಂಗತಿ ಎನ್ನುವ ಹಾಗೆ ಎರಡು ದಿನ ಹೇಳಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಒಂದು ಮಧ್ಯಾಹ್ನ ಕಲ್ಲಿನ ಮೇಲೆ ಎರಡು ತೊಟ್ಟು ಹರಳೆಣ್ಣೆ ಬಿಟ್ಟು ಬುಗುರಿ ಆಡಿಸಿದೆವು. ಅದು ನಿಂತಲ್ಲಿ ನಿಲ್ಲದೆ ಜಾರಿ ಜಗಲಿಯಿಂದ ಕೆಳಗೆ ಹೋಗಿ ಬಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಜ್ಜಿ ಎದ್ದು ಬಂದಳು.

"ಗಂಡನ್ ಮನೇಲಿ ಬುಗುರಿ ಆಡೋ ಸೊಸೇನ ನಾ ಇವತ್ತೇ ಕಂಡಿದ್ದು. ಎಣ್ಣೆ ಬ್ಯಾರೆ ದಂಡ."

ಬುಗುರಿ ಅಜ್ಜಿಯ ಮಡಿಲಿಗೆ ಹೋಯಿತು, ಆಮೇಲೆ ಒಲೆಗೆ ಹೋಯಿತು. ಚಿಕ್ಕವ್ವ ಅಳಲಿಲ್ಲ. ರಾತ್ರಿ ನನ್ನ ತಲೆ ಬಾಚುವಾಗ ಮಾತ್ರ ಬಾಚಣಿಗೆ ಒಂದೆರಡು ಸಲ ಜೋರಾಗಿ ತಾಕಿತು. ಆಗ ಚಿಕ್ಕಪ್ಪ ಇನ್ನೊಂದು ಬುಗುರಿ ಕಡೆದುಕೊಡುತ್ತೇನೆಂದು ಹೇಳಿದ್ದು ನನಗೂ ಕೇಳಿಸಿತು. ಅವನಿಗೆ ಹೆಂಡತಿ ಎಂದರೆ ಜೀವ. ಗಾಡಿ ಕಟ್ಟುವ ದಿನ ಏನೋ ಮರೆತವನ ಹಾಗೆ ಮೂರು ಸಲ ಒಳಗೆ ಬರುತ್ತಿದ್ದ.

ಅದೇ ವರ್ಷ ಆಯುಧಪೂಜೆ ಹತ್ತಿರ ಬಂತು. ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಮೈಸೂರಿನ ಅರಮನೆಯ ದಸರಾಕ್ಕಿಂತ ದೊಡ್ಡದು. ಹದಿನೈದು ದಿನ ಮೊದಲೇ ಎಲ್ಲ ಹತಾರುಗಳನ್ನೂ ಇಳಿಸಿ, ಮಸೆದು, ಒರೆಸಿ ಸಾಲಾಗಿ ಇಡಬೇಕು. ಅಪ್ಪ ಒಂದು ತೇಗದ ತುಂಡಿನಿಂದ ಅಜ್ಜಿಗೆ ಹೊಸ ಒನಕೆ ಮಾಡಿದರು. ಉಳಿದ ತುಂಡಿನಲ್ಲಿ ಚಿಕ್ಕಪ್ಪನ ಗಾಡಿಗೆ ಬ್ರೇಕಿನ ಮರ ಮಾಡಿದರು, ಹಳೆಯದು ಸವೆದು ಹೋಗಿತ್ತು. ಎರಡನ್ನೂ ಹಿತ್ತಿಲ ಗೋಡೆಗೆ ಒರಗಿಸಿ ಇಟ್ಟು ಹೋದರು. ಅಜ್ಜಿ ಬೀಸುವ ಕಲ್ಲಿನ ಮುಂದೆ ಕೂತಿದ್ದವಳು ತಲೆಯೆತ್ತದೆ ಹೇಳಿದಳು.

"ಕಮಲಿ, ಒಸ ಮರ ಬಂದದೆ ನೋಡು. ಎಣ್ಣೆ ಕುಡ್ಸು."

ನಾನು ಎರಡಕ್ಕೂ ಕುಡಿಸಿದೆ. ಆರು ದಿನ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಬಟ್ಟೆ ಅದ್ದಿ, ಅಂಗೈಯಲ್ಲಿ ಉಜ್ಜಿ ಉಜ್ಜಿ. ಆ ಎರಡನೆಯ ಮರ ಯಾವುದಕ್ಕೆಂದು ನನಗೆ ಗೊತ್ತಿತ್ತೇ? ಇಲ್ಲಿಗೆ ಬಂದಾಗಲೆಲ್ಲ ನನ್ನ ನೆನಪು ಕೈಕೊಡುತ್ತದೆ. ಅಪ್ಪ ಅದನ್ನು ಇಡುವಾಗ 'ಇದು ಶಿವಣ್ಣನ ಗಾಡೀದು' ಎಂದು ಹೇಳಿದ ಹಾಗೆ ಕೆಲವು ದಿನ ನೆನಪಾಗುತ್ತದೆ. ಕೆಲವು ದಿನ ಅಪ್ಪ ಏನೂ ಅನ್ನದೆ ಬೀಡಿ ಹಚ್ಚಿಕೊಂಡು ಹೋದದ್ದೇ ಕಣ್ಣಿಗೆ ಕಟ್ಟುತ್ತದೆ. ಗೊತ್ತಿದ್ದರೂ ನಾನು ಹಚ್ಚುತ್ತಿದ್ದೆನೋ ಏನೋ. ಹೊಸ ಮರಕ್ಕೆ ಎಣ್ಣೆ ಕುಡಿಸಬೇಕು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಜಗಲಿಯಿಂದ ಜಾರಿ ಬಿದ್ದ ಬುಗುರಿ ಆಗ ನನಗೆ ಯಾಕೆ ನೆನಪಾಗಲಿಲ್ಲ? ನೆನಪಾಗಬೇಕಿತ್ತು, ದಡ್ಡಿಯೇನೂ ಆಗಿರಲಿಲ್ಲ ನಾನು. ಹಬ್ಬದ ಹಿಂದಿನ ದಿನ ಅಪ್ಪ ಬ್ರೇಕಿನ ಮರ ಎತ್ತಿಕೊಂಡು ಹೋಗಿ ಗಾಡಿಗೆ ಕೂರಿಸಿದರು. ಗಾಡಿ ತೊಳೆದಿದ್ದ ನೀರು ಇನ್ನೂ ಆರಿರಲಿಲ್ಲ, ಮರ ಮಿನುಗಿದ್ದು ಅವರಿಗೆ ನೀರಿನಂತೆಯೇ ಕಂಡಿರಬೇಕು. ಮಾರನೆಯ ದಿನ ಅದಕ್ಕೂ ಮೂರು ಬೆರಳು ವಿಭೂತಿ, ಕುಂಕುಮ, ಒಂದು ಚೆಂಡು ಹೂವು.

ವಿಜಯದಶಮಿ ಕಳೆದು ಚಿಕ್ಕಪ್ಪ ಗಾಡಿ ಕಟ್ಟಿದ. ನಾಲ್ಕನೆಯ ದಿನ ಮಧ್ಯಾಹ್ನ ಅವನು ಬರಬೇಕು. ಅವ್ವ ರಾಗಿ ಹಿಟ್ಟು ಜರಡಿ ಹಿಡಿದು ಇಟ್ಟುಕೊಂಡು, ಇಳಿಜಾರಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ಚಿಕ್ಕವ್ವ ಬಾಗಿಲ ಬಳಿ ಅಲಸಂದೆಕಾಯಿ ಬಿಡಿಸುವ ನೆಪ ಮಾಡಿಕೊಂಡಿದ್ದಳು. ಸದ್ದು ಬರಲೇ ಇಲ್ಲ. ಎತ್ತಿನ ಕೊರಳಗಂಟೆ ಮಾತ್ರ ಕೇಳಿಸಿತು, ಅದೂ ನಡಿಗೆಯ ಗಂಟೆಯಲ್ಲ, ಓಟದ ಗಂಟೆ. ಅವ್ವ 'ಯಾರ ಗಾಡಿಯೋ' ಅಂದಳು. ಆಮೇಲೆ ರಸ್ತೆಯಲ್ಲಿ ಯಾರೋ ಕೂಗಿದರು, ಯಾವುದೋ ಮಗುವನ್ನು ಯಾರೋ ಎಳೆದುಕೊಂಡರು, ನಮ್ಮ ಬಾಗಿಲ ಮುಂದೆಯೇ ಒಂದು ಗಾಡಿ ಹಾದುಹೋಯಿತು. ಮೇಲೆ ಯಾರೂ ಇರಲಿಲ್ಲ. ಮರದ ದಿಮ್ಮಿಗಳ ಭಾರಕ್ಕೆ ಗಾಡಿಯೇ ಎತ್ತುಗಳನ್ನು ತಳ್ಳುತ್ತಿತ್ತು, ಎತ್ತುಗಳು ಕಣ್ಣು ಹೊರಗೆ ಬಂದ ಹಾಗೆ ಓಡುತ್ತಿದ್ದವು. ಅದು ಹೊಳೆಯ ಅಂಚಿನಲ್ಲಿ ಹೋಗಿ ಮಗುಚಿತು. ಇಂದಿಗೂ ಬಸ್ಸು ಕಿರ್ ಎಂದು ಬ್ರೇಕು ಹಾಕಿದರೆ ಜನ ಬೈಯುತ್ತಾರೆ, ನನಗೆ ಸಮಾಧಾನವಾಗುತ್ತದೆ. ಸದ್ದಿಲ್ಲದೆ ಇಳಿಜಾರಲ್ಲಿ ಬರುವ ಗಾಡಿ ಕಂಡರೆ ಈ ವಯಸ್ಸಿನಲ್ಲೂ ರಸ್ತೆ ಬಿಟ್ಟು ಪಕ್ಕಕ್ಕೆ ಸರಿಯುತ್ತೇನೆ. ನಿದ್ದೆಯಲ್ಲಿ ಎಷ್ಟೋ ಸಲ ಆ ಗಂಟೆಯಷ್ಟೇ ಕೇಳುತ್ತದೆ, ಗಾಡಿ ಕಾಣುವುದಿಲ್ಲ.

ಚಿಕ್ಕಪ್ಪ ಬಿದ್ದಿದ್ದದ್ದು ಇಳಿಜಾರಿನ ಮಧ್ಯದಲ್ಲಿ. ಭಾರ ಹೇರಿದ ಗಾಡಿಗೆ ಬ್ರೇಕು ಬೇಕಾಗುವಷ್ಟು ಕಡಿದಾದ ಇಳಿಜಾರು ಆ ದಾರಿಯಲ್ಲಿ ಅದೊಂದೇ. ಹಗ್ಗ ಎಷ್ಟು ಜಗ್ಗಿದರೂ ಮರ ಪಟ್ಟಿಯನ್ನು ಹಿಡಿಯಲಿಲ್ಲ. ಆಗ ಕೆಳಗೆ ಹಾರಿ, ದಾರಿ ಪಕ್ಕದ ಕಲ್ಲು ಎತ್ತಿ ಗಾಲಿಗೆ ಅಡ್ಡ ಕೊಟ್ಟಿದ್ದಾನೆ. ನಿಂತ ಗಾಡಿಗಾದರೆ ಆ ಕಲ್ಲು ಸಾಕು, ಓಡುವ ಗಾಡಿಗೆ ಅದು ಎಲ್ಲಿಯ ತಡೆ? ಗಾಲಿ ಕಲ್ಲು ಹತ್ತಿ ಇಳಿದು ಅವನ ಬಲಗಾಲಿನ ಮೇಲೆ ಹೋಯಿತು. ಖಾದರ್ ಸಾಹೇಬರು ತಮ್ಮ ಕುಲುಮೆಯ ಬಾಗಿಲನ್ನೇ ಕಿತ್ತು ಅದರ ಮೇಲೆ ಮಲಗಿಸಿಕೊಂಡು ಬಂದರು. ಯುದ್ಧದ ಕಾಲ, ಇದ್ದಿಲು ಸುಟ್ಟು ಓಡುವ ಬಸ್ಸು. ಅದರಲ್ಲಿ ಮೈಸೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ಸಂಜೆ. ಮಂಡಿಯ ಕೆಳಗೆ ಕಾಲು ತೆಗೆದರು. ಬಸ್ಸು ಹೊರಟ ಮೇಲೆ ಬಾಗಿಲಲ್ಲಿ ನಿಂತಿದ್ದ ಚಿಕ್ಕವ್ವನ ಮುಖಕ್ಕೇ ಅಜ್ಜಿ ಹೇಳಿದಳು.

"ಅವತ್ತು ಸೇರು ಅಷ್ಟ್ ದೂರ ಉರುಳ್ಕೊಂಡೋದಾಗ್ಲೇ ನನ್ನೆದೆ ದಸಕ್ ಅಂತು. ಎಂಥ ಕಾಲ್ಗುಣ ಇಟ್ಕೊಂಡು ಬಂದೆಯವ್ವ ನನ್ ಮನೆಗೆ."

ಎರಡು ದಿನ ಬಿಟ್ಟು ಅಪ್ಪ ಆಸ್ಪತ್ರೆಯಿಂದ ಬಂದಾಗ, ಹೊಳೆಯಂಚಿನಿಂದ ಎಳೆದು ತಂದ ಗಾಡಿಯನ್ನು ಅವರೂ ಸಾಹೇಬರೂ ಕೂಡಿ ನೋಡಿದರು. ನಾನು ಚಾವಡಿಯ ಕಿಟಕಿಯ ಒಳಗಿದ್ದೆ. ಸಾಹೇಬರು ಬ್ರೇಕಿನ ಮರದ ಮೇಲೆ ಹೆಬ್ಬೆರಳು ಎಳೆದರು, ಮೂಗಿನ ಹತ್ತಿರ ತಂದರು.

"ಆಚಾರ್ರೇ, ಈ ಮರ ಎಣ್ಣೆ ಕುಡಿದದೆ."

"ಗುಂಬದಿಂದ ಕೀಲೆಣ್ಣೆ ಸೋರಿರ್ಬೇಕು ಸಾಹೇಬ್ರೇ. ನಾನೇ ಜಾಸ್ತಿ ತುಂಬಿದ್ದೆ, ಹಬ್ಬ ಅಂತ."

"ಕೀಲೆಣ್ಣೆ ಕಪ್ಪಗಿರ್ತದೆ. ಇದು ಬರೀ ಎಣ್ಣೆ."

 ಸಾಹೇಬರು ಅಪ್ಪನ ಮುಖ ನೋಡಿ, ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಇರ್ಬೋದು ಬುಡಿ, ಸೋರಿರ್ಬೋದು."

ನಾನು ಕಿಟಕಿ ಬಿಟ್ಟು ಹಿತ್ತಿಲಿಗೆ ಹೋದೆ. ಗೋಡೆಗೆ ಒರಗಿ ಒನಕೆ ಮಿನುಗುತ್ತ ನಿಂತಿತ್ತು. ಅದರ ಪಕ್ಕದ ಜಾಗ ಖಾಲಿ ಇತ್ತು, ಗೋಡೆಯ ಮೇಲೆ ಎಣ್ಣೆಯ ಗುರುತು ಮಾತ್ರ ಇತ್ತು. ನಾನು ಆಗ ವಾಂತಿ ಮಾಡಿಕೊಂಡೆ. ಅವ್ವ ಹೆದರಿಕೆಯಾಗಿರಬೇಕೆಂದು ನಿವಾಳಿಸಿ ಮೆಣಸಿನಕಾಯಿ ಒಲೆಗೆ ಹಾಕಿದಳು. ಅಪ್ಪ ಆ ವಾರವೆಲ್ಲ ಮನೆಯಲ್ಲಿದ್ದ ಗಾಲಿಗಳ ಗುಂಬಗಳನ್ನು ಬಿಚ್ಚಿ ಬಿಚ್ಚಿ ನೋಡಿದರು. ಯಾವುದೂ ಸೋರುತ್ತಿರಲಿಲ್ಲ.

ಹೇಳಬೇಕು ಎಂದು ಪ್ರತಿದಿನ ಎದ್ದೆ. ಹೇಳದೆ ಪ್ರತಿದಿನ ಮಲಗಿದೆ. ಈ ಮಧ್ಯೆ ಚಿಕ್ಕವ್ವನ ಊಟ ಎಲ್ಲರದೂ ಆದ ಮೇಲಾಯಿತು. ಹೊಸ ಕೆಲಸ ಶುರು ಮಾಡುವ ದಿನ ಅವಳು ಚಾವಡಿಗೆ ಬರಬಾರದೆಂದಾಯಿತು. ನೆಂಟರು ಬಂದರೆ ಅಜ್ಜಿ ಅವಳನ್ನು ಕೊಟ್ಟಿಗೆಗೆ ಕಳಿಸುತ್ತಿದ್ದಳು. ಕೇರಿಯ ಹೆಂಗಸರು ನೀರಿಗೆ ಹೊರಟಾಗ ಅವಳು ಎದುರಿಗೆ ಬಂದರೆ ಬಿಂದಿಗೆ ಇಳಿಸಿ ನಿಲ್ಲುತ್ತಿದ್ದರು. ಚಿಕ್ಕಪ್ಪ ಆಸ್ಪತ್ರೆಯಿಂದ ಬಂದು ನಡುಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಅವಳು ಗಂಜಿ ತಂದರೆ ಕುಡಿಯುತ್ತಿದ್ದ, ಮಾತಾಡುತ್ತಿರಲಿಲ್ಲ. ಒಂದು ದಿನ ಅಜ್ಜಿ ಅಪ್ಪನಿಗೆ ಹೇಳಿದಳು, ಪಿರಿಯಾಪಟ್ಟಣಕ್ಕೆ ಹೇಳಿ ಕಳಿಸು, ಅವರ ಮಗಳನ್ನು ಅವರು ಕರೆದುಕೊಂಡು ಹೋಗಲಿ. ಅವತ್ತು ಮಧ್ಯಾಹ್ನ ನಾನು ಬೀಸುವ ಕಲ್ಲಿನ ಮುಂದೆ ಅಜ್ಜಿಯ ಎದುರಿಗೆ ಕೂತು, ಗೂಟಕ್ಕೆ ನಾನೂ ಕೈ ಹಾಕಿದೆ. ಎದುರುಬದುರು ಕೂತು ಬೀಸುವಾಗ ಒಬ್ಬರು ಎಳೆದರೆ ಇನ್ನೊಬ್ಬರು ತಳ್ಳಬೇಕು. ನಾನು ತಳ್ಳುವುದನ್ನು ನಿಲ್ಲಿಸಿದೆ.

"ಅಜ್ಜಿ, ಆ ಬಿರೇಕಿನ್ ಮರಕ್ಕೆ ಎಣ್ಣೆ ಹಚ್ಚಿದ್ದು ನಾನು."

ಕಲ್ಲು ಅರ್ಧ ಸುತ್ತು ಹೋಗಿ ನಿಂತಿತು. ಅಜ್ಜಿ ನನ್ನನ್ನು ನೋಡಲಿಲ್ಲ, ಗೋಡೆಯ ಕಡೆ ನೋಡಿದಳು. ಎಣ್ಣೆಯ ಗುರುತು ಅಲ್ಲೇ ಇತ್ತು.

"ಎರಡ್ಕೂ ಹಚ್ಚಿದ್ಯಾ?"

"ನೀನೇ ಏಳ್ದಲ್ಲ. ಒಸ ಮರ ಬಂದದೆ, ಎಣ್ಣೆ ಕುಡ್ಸು ಅಂತ."

 ಅವಳು ಕತ್ತು ತಿರುಗಿಸಿ ನಡುಮನೆಯ ಬಾಗಿಲಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ಯಾರ್ ಕೂಡಾದ್ರೂ ಅಂದ್ಯಾ?"

"ಇಲ್ಲ."

"ಅನ್ಬ್ಯಾಡ."

"ಚಿಕ್ಕವ್ವನ್ನ ಕಳ್ಸ್ತೀವಿ ಅಂದ್ಯಲ್ಲ. ಅವ್ಳೇನೂ ಮಾಡಿಲ್ವಲ್ಲ ಅಜ್ಜಿ."

"ಅವ್ಳಿಗೆ ತವರು ಅದೆ ಕಣ್ಮಗ. ನಿಂಗೆ ಎಲ್ಲದೆ? ಈ ಕೈಲಿ ಚಿಕ್ಕಪ್ಪನ ಕಾಲ್ ಕಳ್ದೋಳು ಅಂದ್ರೆ ನಾಳೆ ನಿನ್ನ ಯಾರ್ ಮಾಡ್ಕೊಂಡಾರು?" ಆಮೇಲೆ ಬೇರೆ ಯಾರಿಗೋ ಹೇಳುವ ಹಾಗೆ ಅಂದಳು. "ನಂಗಾದ್ರೂ ಎಲ್ಲದೆ? ನನ್ ಮಗ ನನ್ ಮೊಕ ನೋಡಾನಾ?"

ಅಷ್ಟು ಹೇಳಿ ಅವಳು ಕಲ್ಲು ತಿರುಗಿಸಿದಳು, ನನ್ನ ಕೈಯೂ ಅದರ ಜೊತೆ ತಿರುಗಿತು. ಕಲ್ಲಿನ ಬಾಯಿಗೆ ರಾಗಿ ಹಾಕುವುದನ್ನು ಇಬ್ಬರೂ ಮರೆತಿದ್ದೆವು. ಕಲ್ಲಿಗೆ ಕಲ್ಲು ಉಜ್ಜಿ ಹಿಟ್ಟಿನ ಬದಲು ಬೂದು ಪುಡಿ ಬಿತ್ತು. ಆ ದಿನದಿಂದ ಅಜ್ಜಿ ಚಿಕ್ಕವ್ವನನ್ನು ಬೈಯುವುದನ್ನೇ ಬಿಟ್ಟಳು. ಮನೆಯವರೆಲ್ಲ ಅದನ್ನು ಇನ್ನು ಬೈದೂ ಪ್ರಯೋಜನವಿಲ್ಲವೆಂದು ಬಿಟ್ಟದ್ದು ಎಂದುಕೊಂಡರು. ಅಜ್ಜಿಗೆ ಒಂದು ಚಾಳಿ ಅಂಟಿತು. ಯಾರೂ ಇಲ್ಲದಾಗ ಬರಿಯ ಕಲ್ಲು ಬೀಸುತ್ತ ಕೂರುತ್ತಿದ್ದಳು. ಕಾಳಿಲ್ಲದೆ ತಿರುಗುವ ಬೀಸುವ ಕಲ್ಲಿನ ಸದ್ದು ಕೇಳಿದವರಿಗೆ ಗೊತ್ತು, ಅದು ಹಲ್ಲಿನ ಬೇರಿನಲ್ಲಿ ಕೇಳುತ್ತದೆ. ಅವ್ವ 'ಅತ್ತೆಗೆ ಮಗನ ಕೊರಗು' ಎನ್ನುತ್ತಿದ್ದಳು. ಅಜ್ಜಿ ಹೋದ ಮೇಲೂ ಹಿತ್ತಿಲಲ್ಲಿ ಆ ಸದ್ದು ಕೇಳಿತೆಂದು ಅವ್ವ ಒಂದೆರಡು ಸಲ ಹೇಳಿದ್ದುಂಟು. ನನಗೂ ಕೇಳಿಸಿತ್ತು, ನಾನು ಇಲ್ಲ ಎಂದೆ. ಪಾಠ ಹೇಳುವವಳು ದೆವ್ವ ಭೂತ ಅನ್ನಬಾರದಲ್ಲ.

ನನ್ನನ್ನು ಯಾರು ಮಾಡಿಕೊಂಡಾರು ಎಂದು ಅಜ್ಜಿ ಅಷ್ಟು ಹೆದರಿದ್ದಳು, ಕಡೆಗೆ ನಾನು ಮದುವೆಯನ್ನೇ ಆಗಲಿಲ್ಲ. ಅದು ಪ್ರಾಯಶ್ಚಿತ್ತವೂ ಅಲ್ಲ, ಮಣ್ಣೂ ಅಲ್ಲ. ಬೇರೆಯವರ ಮನೆಗೆ ಕಾಲಿಡುವ ಧೈರ್ಯ ಬರಲಿಲ್ಲ, ಅಷ್ಟೇ. ಓದುತ್ತೇನೆ ಎಂದಾಗ ಅಪ್ಪ ಬೇಡವೆನ್ನಲಿಲ್ಲ. ಅಪ್ಪ ಕಡೆದುಕೊಟ್ಟ ಮರಗಾಲು ಹಾಕಿಕೊಂಡು ಚಿಕ್ಕಪ್ಪ ಚಾವಡಿಯಲ್ಲಿ ಕೂತು ಗಾಲಿಯ ಒಳಗಿನ ಅರೆಕಡ್ಡಿ ಕೆತ್ತುವುದು ಕಲಿತ. ಒಂದು ಕಡೆ ಕೂರಲಾರದವನು ಮೂವತ್ತು ವರ್ಷ ಒಂದೇ ಕಡೆ ಕೂತ. ಇನ್ನೊಂದು ಮದುವೆ ಮಾತು ತೆಗೆದರೆ ಎದ್ದು ಹೋಗುತ್ತಿದ್ದ. ಚಿಕ್ಕವ್ವ ಪಿರಿಯಾಪಟ್ಟಣದಲ್ಲಿ ತಮ್ಮನ ಮನೆಯಲ್ಲಿದ್ದಳಂತೆ, ಹೊಗೆಸೊಪ್ಪು ಕಟ್ಟುವ ಕೂಲಿಗೆ ಹೋಗುತ್ತಿದ್ದಳಂತೆ, ತಮ್ಮನ ಹೆಂಡತಿಗೂ ಅವಳನ್ನು ಬೆಳಿಗ್ಗೆ ಎದ್ದು ನೋಡುವುದು ಇಷ್ಟವಿರಲಿಲ್ಲವಂತೆ. ಎಲ್ಲವೂ ಅಂತೆ, ಏಕೆಂದರೆ ನಾನು ಹೋಗಿ ನೋಡಲಿಲ್ಲ. ಪಿರಿಯಾಪಟ್ಟಣದ ಸ್ಕೂಲಿಗೇ ನನಗೆ ಎರಡು ವರ್ಷ ವರ್ಗವಾಗಿತ್ತು. ಅವಳ ಬೀದಿ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಇತ್ತು, ನಾನು ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಅದೇ ಊರಿನಲ್ಲಿ, ಅರ್ಧ ಮೈಲಿ ದೂರದಲ್ಲಿ, ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ನನಗಿಂತ ಹೇಡಿ ಇನ್ನೊಬ್ಬಳು ಇರಲಾರಳು ಎಂದು ಅವತ್ತು ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಅವಳು ನಮ್ಮ ಮನೆ ಬಿಟ್ಟು ಹೊರಟ ದಿನ ಅವಳಪ್ಪ ಬಾಡಿಗೆ ಗಾಡಿ ತಂದಿದ್ದರು. ನಮ್ಮ ಮನೆಯಲ್ಲಿ ನೀರನ್ನೂ ಕುಡಿಯದೆ ರಸ್ತೆಯಲ್ಲೇ ನಿಂತಿದ್ದರು. ಅವ್ವ ಮಡಿಲಿಗೆ ಅಕ್ಕಿ, ತೆಂಗಿನಕಾಯಿ ಹಾಕಿ ಒಳಗೆ ಹೋಗಿ ಅತ್ತಳು. ಚಿಕ್ಕಪ್ಪ ಮಂಚದಲ್ಲಿ ಮುಸುಕು ಹಾಕಿಕೊಂಡಿದ್ದ. ಅಜ್ಜಿ ಹಿತ್ತಿಲಲ್ಲಿದ್ದಳು, ಕಲ್ಲು ತಿರುಗುತ್ತಿತ್ತು. ಚಿಕ್ಕವ್ವ ನನ್ನನ್ನು ಚಾವಡಿಯ ಮೂಲೆಗೆ ಕರೆದು, ಒಂದು ಗಾಲಿಯ ಮೇಲೆ ಕೂರಿಸಿ, ಕೊನೆಯ ಸಲ ನನ್ನ ತಲೆ ಬಾಚಿದಳು. ಬಿಗಿಯಾಗಿ ಎರಡು ಜಡೆ ಹಾಕಿದಳು. ಆಮೇಲೆ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಕಮಲಿ, ನೀನು ಓದೋಳು. ನೀನು ನಂಗೆ ಸುಳ್ಳು ಏಳಾಕಿಲ್ಲ. ಅವ್ರೆಲ್ಲ ಬಯ್ದಾಗ ನಂಗೆ ಕ್ವಾಪ ಬತ್ತಿತ್ತು. ಈಗೀಗ ಬರಾಕಿಲ್ಲ ಕಣೆ. ರಾತ್ರಿ ಎಲ್ಲ ಈ ಕಾಲ್ನೇ ನೋಡ್ಕೊಂಡ್ ಕೂತಿರ್ತೀನಿ. ನಂಗೂ ಅಂಗೇ ಅನ್ನುಸ್ತಾ ಅದೆ." ಅವಳು ತನ್ನ ಪಾದ ಮುಂದಕ್ಕೆ ಚಾಚಿ ನನಗೆ ತೋರಿಸಿದಳು. ಬೆರಳಿಗೆ ಕಾಲುಂಗುರ ಇತ್ತು, ಹಿಮ್ಮಡಿ ಒಡೆದಿತ್ತು. "ನಿಜ ಏಳು. ನನ್ನಿಂದ್ಲೇ ಆಯ್ತಾ ಅದು?"

ಹಿತ್ತಿಲಲ್ಲಿ ಕಲ್ಲು ನಿಂತಿತು. ಅಜ್ಜಿಗೆ ಅಲ್ಲಿಂದ ನಮ್ಮ ಮಾತು ಕೇಳುವ ಹಾಗಿರಲಿಲ್ಲ, ಆದರೂ ನಿಂತಿತು. ನಾನು ಚಿಕ್ಕವ್ವನ ಪಾದವನ್ನೇ ನೋಡಿದೆ. ಇಲ್ಲ ಎಂಬುದು ಎರಡಕ್ಷರದ ಮಾತು, ಅದು ನನ್ನ ಬಾಯಿಯವರೆಗೆ ಬಂದಿತ್ತು.

"ಗೊತ್ತಿಲ್ಲ ಚಿಕ್ಕವ್ವ."

ನಾನು ಹೌದು ಎಂದೆನೇನೋ ಅನ್ನುವ ಹಾಗೆ ಅವಳು ತಲೆಯಾಡಿಸಿದಳು. ನನ್ನ ಕೆನ್ನೆ ಸವರಿ, ಗಂಟು ಎತ್ತಿಕೊಂಡಳು. ನಮ್ಮ ಮನೆಯ ಹೊಸಿಲಿಗೆ ತನ್ನ ಕಾಲು ತಾಕದ ಹಾಗೆ ಸೀರೆ ಎತ್ತಿ ಹಿಡಿದು ದೂರಕ್ಕೆ ಹೆಜ್ಜೆ ಇಟ್ಟು ದಾಟಿದಳು.